20 ಲೀಫಿನ ಫಿಲ್ಲರ್ ಗೇಜ್: ಎರಡು ವರ್ಷ ಗ್ಯಾರೇಜಲ್ಲಿ ಬಳಸಿದ ಮೇಲೆ ಬರೀತಿರೋ ರಿವ್ಯೂ

ಒಂದೇ ಗಾಡಿ ಮೂರು ಸಲ ವಾಪಸ್ ಬಂತು. 100 ಸಿಸಿ ಬೈಕು, ಮನೆಮನೆಗೆ ಹಾಲು ಹಾಕೋ ಹುಡುಗನದ್ದು, ಬೆಳಗ್ಗೆ ನಾಲ್ಕೂವರೆಗೆ ಸ್ಟಾರ್ಟ್ ಆಗ್ಲೇಬೇಕಾದ ಗಾಡಿ. ಮೂರೂ ಸಲ ಅದೇ ಕಂಪ್ಲೇಂಟು, "ಟಿಕ್ ಟಿಕ್ ಸದ್ದು ಹೋಗಿಲ್ಲ ಕಣಣ್ಣ." ಮೂರೂ ಸಲ ನಾನೇ ಕೂತು ಟ್ಯಾಪೆಟ್ ಕವರ್ ಬಿಚ್ಚಿ, 0.05 ಲೀಫ್ ಹಾಕಿ ಸೆಟ್ ಮಾಡಿ ಕಳ್ಸಿದ್ದೆ, ಕೈಗೆ ಹಿಡಿತನೂ ಸರಿಯಾಗೇ ಸಿಕ್ತಿತ್ತು. ಗೊತ್ತಿಲ್ದೋರಿಗೆ ಹೇಳ್ತೀನಿ, ಟ್ಯಾಪೆಟ್ ಗ್ಯಾಪ್ ಅಂದ್ರೆ ಇಂಜಿನ್ ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ನಡುವೆ ಬಿಡೋ ಸಣ್ಣ ಜಾಗ, ಫಿಲ್ಲರ್ ಗೇಜ್ (ಸರಿಯಾದ ಹೆಸರು ಫೀಲರ್ ಗೇಜ್) ಅಂದ್ರೆ ಅಂಥ ಗ್ಯಾಪ್ ಅಳೆಯೋ ಬೇರೆ ಬೇರೆ ದಪ್ಪದ ಸ್ಟೀಲ್ ಪಟ್ಟಿಗಳ ಸೆಟ್ಟು, ಆ ಪಟ್ಟಿನೇ ಲೀಫು, 0.05 ಅನ್ನೋದು ಅದರ ದಪ್ಪ, ಎಂಎಂ ಲೆಕ್ಕದಲ್ಲಿ. ಮೂರನೇ ಸಲ ತಲೆ ಕೆಟ್ಟು ಆ ಲೀಫನ್ನ ಟ್ಯೂಬ್‌ಲೈಟ್ ಕೆಳಗೆ ಅಡ್ಡಡ್ಡ ಹಿಡಿದು ನೋಡ್ದೆ. ತುದಿ ಹತ್ರ ಸಣ್ಣದೊಂದು ಅಲೆ. ನೇರವಾಗಿ ನೋಡಿದ್ರೆ ಕಾಣೋದೇ ಇಲ್ಲ, ಬೆಳಕು ಅದರ ಮೇಲೆ ಜಾರೋವಾಗ ಮಾತ್ರ ಒಂದು ಕಡೆ ಮುರಿದಂಗೆ ಕಾಣುತ್ತೆ. ಅಲೆ ಎದ್ದಿರೋ ತೆಳು ಪಟ್ಟಿ ಗ್ಯಾಪಲ್ಲಿ ದಪ್ಪ ಪಟ್ಟಿ ತರ ಹಿಡಿಯುತ್ತೆ, ನಮ್ಮ ಕೈಗೆ ಟೈಟ್ ಅನ್ಸುತ್ತೆ, ನಾವು ಸ್ಕ್ರೂ ಇನ್ನೊಂಚೂರು ಬಿಡ್ತೀವಿ, ಅಲ್ಲಿಗೆ ಗ್ಯಾಪ್ ಜಾಸ್ತಿ ಆಗೋಯ್ತು. ಮೂರು ಸಲನೂ ಆಗಿದ್ದು ಇದೇ. ಅವನು ದುಡ್ಡು ಕೊಡೋಕೆ ಬಂದ, ನಾನು ಇಸ್ಕೊಳ್ಲಿಲ್ಲ.

ಅವತ್ತೇ ಆ ಸೆಟ್ ಎತ್ತಿಟ್ಟೆ. ಸೆಟ್ ಮೊದಲಿಂದನೂ ಅಷ್ಟಕ್ಕಷ್ಟೇ, ಆನ್‌ಲೈನಲ್ಲಿ ಅಗ್ಗಕ್ಕೆ ಸಿಕ್ತು ಅಂತ ತಗೊಂಡಿದ್ದು, ಮೂರು ತಿಂಗಳಲ್ಲೇ ಕೆಲವು ಲೀಫ್ ಮೇಲಿನ ನಂಬರ್ ಅಳಿಸಿ ಹೋಗಿತ್ತು. ಮುಂದಿನ ವಾರ ಬೆಂಗಳೂರಿಗೆ ಜೆಸಿ ರೋಡಿಗೆ ಸ್ಪೇರ್ಸ್ ತರೋಕೆ ಹೋಗೋದಿತ್ತು, ಹಂಗೇ ಎಸ್‌ಪಿ ರೋಡ್ ಕಡೆ ನಡ್ಕೊಂಡು ಹೋಗಿ ಟೂಲ್ಸ್ ಅಂಗಡಿಯಲ್ಲಿ ಹೊಸ ಸೆಟ್ ತಗೊಂಡೆ. ಈಗ ಬರೀತಿರೋದು ಅದರ ಬಗ್ಗೆ. ಮೈಸೂರಲ್ಲಿ ನಂದು ಸಣ್ಣ ಗ್ಯಾರೇಜು, ದಿನಾ ಬರೋದು 100-125 ಸಿಸಿ ಬೈಕುಗಳು, ಸ್ಕೂಟರ್‌ಗಳು, ಜೊತೆಗೆ ಹಳೆ ಯೆಜ್ಡಿ, ಜಾವಾ. ಈ ಊರಲ್ಲೇ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತಲ್ಲ, 1996ರಲ್ಲಿ ಮುಚ್ಚೋಗಿದ್ರೂ ಗಾಡಿಗಳು ಮಾತ್ರ ಇನ್ನೂ ಮನೆಮನೆಯಲ್ಲಿವೆ. ಎರಡು ವರ್ಷದಿಂದ ವಾರಕ್ಕೆ ಆರು ದಿನ ಈ ಗೇಜ್ ನನ್ನ ಕೈಯಲ್ಲಿದೆ.

ಕಂಪನಿ ಹೆಸರು ಬರಿಯಲ್ಲ. ಯಾಕಂದ್ರೆ ಹೆಸರಿರೋ ಕಂಪನಿದೇ ಡಬ್ಬಿಯಲ್ಲಿ ಡೂಪ್ಲಿಕೇಟ್ ಮಾಲೂ ಬರುತ್ತೆ, ನೀವು ಹೆಸರು ನೋಡಿ ತಗೊಂಡು ಮೋಸ ಹೋಗೋದು ಬೇಡ. ಲೀಫ್ ನೋಡಿ ತಗೊಳ್ಳಿ, ಹೆಂಗೆ ನೋಡ್ಬೇಕು ಅಂತ ಹೇಳ್ತೀನಿ.

ನಂದು 0.05 ಇಂದ 1.00 ಎಂಎಂ ತನಕ, 0.05 ಅಂತರದಲ್ಲಿ ಒಟ್ಟು 20 ಲೀಫ್, ಒಂದೊಂದೂ 100 ಎಂಎಂ ಉದ್ದ. 13 ಲೀಫಿನ ಸೆಟ್ಟೂ ಸಿಗುತ್ತೆ, ಅದರಲ್ಲಿ 0.30 ತನಕ 0.05 ಅಂತರ, ಆಮೇಲೆ 0.40, 0.50 ಅಂತ ದೊಡ್ಡ ಹೆಜ್ಜೆ. ಬರೀ ಬೈಕಿಗಾದ್ರೆ 13 ಸಾಕು ಅಂತಾರೆ, ಆದ್ರೆ ಪಾಯಿಂಟ್ ಗಾಡಿ (ಪ್ಲಗ್ಗಿಗೆ ಕಿಡಿ ಬರ್ಸೋಕೆ ತೆರೆದು ಮುಚ್ಚೋ ಸಿಬಿ ಪಾಯಿಂಟ್, ಅಂದ್ರೆ ಕಾಂಟ್ಯಾಕ್ಟ್ ಬ್ರೇಕರ್, ಇರೋ ಹಳೆ ಗಾಡಿ) ಮಾಡೋರಿಗೆ 0.35 ಬೇಕೇಬೇಕು, 13ರ ಸೆಟ್ಟಲ್ಲಿ ಅದಿಲ್ಲ, ಎರಡು ಲೀಫ್ ಸೇರಿಸಿ ಅಳೀಬೇಕಾಗುತ್ತೆ. ನಾಲ್ಕು ಕಾಸು ಜಾಸ್ತಿ ಆದ್ರೂ 20ರದ್ದೇ ತಗೊಳ್ಳಿ. ನನಗೆ ಬಿದ್ದ ರೇಟು ಯೆಜ್ಡಿಗೆ ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿಸೋದಕ್ಕಿಂತ ಕಮ್ಮಿ.

ಇಲ್ಲಿ ಒಂದು ವಿಷಯ ಒತ್ತಿ ಹೇಳ್ಬೇಕು. ಫಿಲ್ಲರ್ ಗೇಜ್ ಸೆಟ್ಟಿನ ಬೆಲೆ ಇರೋದು ಅದರ ಅತಿ ತೆಳು ಎರಡು ಮೂರು ಲೀಫಲ್ಲಿ. 0.80, 0.90 ಲೀಫ್ ಯಾರು ಬೇಕಾದ್ರೂ ಮಾಡ್ತಾರೆ, ಅದರಲ್ಲಿ 0.01 ಆಕಡೆ ಈಕಡೆ ಆದ್ರೆ ಪ್ಲಗ್ಗಿಗೆ ಏನೂ ಗೊತ್ತಾಗಲ್ಲ. ಆದ್ರೆ ನಮ್ಮ ಸಣ್ಣ ಬೈಕುಗಳ ಟ್ಯಾಪೆಟ್ ಗ್ಯಾಪು ಹೆಚ್ಚುಕಮ್ಮಿ 0.05ರಿಂದ 0.10ರ ಒಳಗೇ ಬರೋದು, ಅಂದ್ರೆ ಕೂದಲೆಳೆಯಷ್ಟು ಜಾಗ, ಅದರಲ್ಲಿ 0.02 ತಪ್ಪಾದ್ರೆ ಕಾಲು ಭಾಗನೋ ಅರ್ಧ ಭಾಗನೋ ತಪ್ಪಾದಂಗೆ. ಹಂಗಾಗಿ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದೇ, "ಡಬ್ಬಿ ಬಿಚ್ಚಿ 0.05 ತೋರಿಸಿ ಸಾರ್" ಅಂತ. ಮೊದಲ್ನೇ ಅಂಗಡಿಯವರು ಸೀಲ್ ಒಡಿಯಲ್ಲ ಅಂದ್ರು, ನಾನೂ ತಗೊಳ್ದೆ ಬಂದೆ. ಎರಡನೇ ಅಂಗಡಿಯ ಯಜಮಾನರು ವಯಸ್ಸಾದೋರು, ಅವರೇ ಡಬ್ಬಿ ಬಿಚ್ಚಿ ಬೀಸಣಿಗೆ ತರ ಹರಡಿ ನನ್ನ ಮುಂದಿಟ್ರು, "ನೋಡಿ, ನಿಧಾನಕ್ಕೆ ನೋಡಿ" ಅಂದ್ರು. ಲೀಫನ್ನ ಬೆಳಕಿಗೆ ಅಡ್ಡ ಹಿಡಿದೆ, ಅಲೆ ಇಲ್ಲ. ಅಂಚಲ್ಲಿ ಉಗುರು ಹಾಯಿಸಿದೆ, ಎಲ್ಲೂ ತಡೆಯಲಿಲ್ಲ. ಕತ್ತರಿಸಿದ ಅಂಚಲ್ಲಿ ಸಣ್ಣ ಮುಳ್ಳು ಎದ್ದಿದ್ರೆ ಅಲ್ಲಿ ಲೀಫ್ ಅದರ ನಂಬರಿಗಿಂತ ದಪ್ಪ ಅಂತಲೇ ಅರ್ಥ. ನಂಬರ್ ಬರೀ ಇಂಕಲ್ಲಿ ಪ್ರಿಂಟ್ ಮಾಡಿದ್ದಲ್ಲ, ಲೋಹದಲ್ಲೇ ಕೊರೆದದ್ದು, ಎಂಎಂ ಜೊತೆಗೆ ಇಂಚಿನ ಲೆಕ್ಕನೂ ಇದೆ. ತುದಿ ದುಂಡಗಿದೆ. ಅಷ್ಟು ನೋಡಿ ದುಡ್ಡು ಕೊಟ್ಟೆ.

ಊರಿಗೆ ಬಂದ ಮೇಲೆ ಲೇತ್ ವರ್ಕ್ ಮಾಡೋ ಗೆಳೆಯನ ಮೈಕ್ರೋಮೀಟರಲ್ಲಿ ಎಲ್ಲಾ ಲೀಫೂ ಹಿಡಿಸಿದೆ. 0.01 ತನಕ ಓದೋ ಮೈಕ್ರೋಮೀಟರು, ಅದರಲ್ಲಿ ಒಂದು ಲೀಫೂ ನಂಬರ್ ಬಿಟ್ಟು ಆಚೆ ಹೋಗಲಿಲ್ಲ. ಹಳೆ ಸೆಟ್ಟನ್ನೂ ತಗೊಂಡು ಹೋಗಿದ್ದೆ, ಅದರ 0.05 ಮಟ್ಟಸ ಇರೋ ಜಾಗದಲ್ಲೇ 0.07 ತೋರಿಸ್ತು. ಅಲೆ ಒಂದು ಕಡೆ, ಇದೊಂದು ಕಡೆ. ಹಾಲಿನ ಹುಡುಗನ ಗಾಡಿ ಹೊಸ ಲೀಫಲ್ಲಿ ಸೆಟ್ ಮಾಡಿದ್ಮೇಲೆ ಸದ್ದು ನಿಂತಿದ್ದು ಇವತ್ತಿಗೂ ಬಂದಿಲ್ಲ, ಇತ್ತೀಚೆಗೆ ಆಯಿಲ್ ಚೇಂಜಿಗೆ ಬಂದಿದ್ದ, ಕಿವಿಗೊಟ್ಟು ಕೇಳಿದೆ, ಇಂಜಿನ್ ತಣ್ಣಗೆ ಓಡ್ತಿದೆ.

ಬಳಕೆ ಬಗ್ಗೆ ಹೇಳ್ತೀನಿ, ಯಾಕಂದ್ರೆ ಗೇಜ್ ಎಷ್ಟೇ ಚೆನ್ನಾಗಿದ್ರೂ ಕೈ ಕಲೀದೆ ಇದ್ರೆ ಪ್ರಯೋಜನ ಇಲ್ಲ. ಟ್ಯಾಪೆಟ್ ಸೆಟ್ ಮಾಡೋ ಮುಂಚೆ ಇಂಜಿನ್ ಪೂರ್ತಿ ತಣ್ಣಗಿರ್ಬೇಕು, ಕಸ್ಟಮರ್ ಅರ್ಜೆಂಟ್ ಅಂದ್ರೂ ಸರಿ, ನಾನಂತೂ ರಾತ್ರಿ ಬಿಟ್ಟು ಹೋಗಿ ಅಂತೀನಿ. ಮ್ಯಾಗ್ನೆಟ್ಟಿನ ಟಿ ಮಾರ್ಕ್ (ಪಿಸ್ಟನ್ ಪೂರ್ತಿ ಮೇಲಿದೆ ಅನ್ನೋ ಗುರುತು) ಕೂರಿಸಿ, ಎರಡೂ ರಾಕರ್ ಕೈಯಲ್ಲಿ ಅಲ್ಲಾಡಿಸಿದ್ರೆ ಚೂರು ಪ್ಲೇ ಇರ್ಬೇಕು, ಇಲ್ಲಾಂದ್ರೆ ಅದು ಕಂಪ್ರೆಷನ್ ಸ್ಟ್ರೋಕ್ ಅಲ್ಲ, ಇನ್ನೊಂದು ಸುತ್ತು ತಿರುಗಿಸಿ. ಲಾಕ್ ನಟ್ ಸಡಿಲ ಮಾಡಿ, ಸ್ಕ್ರೂ ಬಿಟ್ಟು, ಲೀಫ್ ಒಳಗೆ ಬಿಟ್ಟ ಮೇಲೆ ಸ್ಕ್ರೂ ಇಳಿಸ್ತಾ ಬನ್ನಿ. ಟೈಟ್ ಗ್ಯಾಪಿಗೆ ತೆಳು ಲೀಫನ್ನ ಹೊರಗಿಂದ ತಳ್ಳೋಕೆ ಹೋಗ್ಬೇಡಿ, ಹಳೆ ಸೆಟ್ಟಲ್ಲಿ ಅಲೆ ಎದ್ದಿದ್ದೇ ಹಂಗೆ. ಒಳಗೆ ಬಿಟ್ಟು, ಎಳೆದು ನೋಡ್ಬೇಕು. ಹಿಡಿತ ಹೆಂಗಿರ್ಬೇಕು ಅಂದ್ರೆ, ದಪ್ಪ ಪುಸ್ತಕದ ಒಳಗೆ ಸಿಕ್ಕಿರೋ ಬಸ್ ಟಿಕೆಟ್ಟನ್ನ ಪುಸ್ತಕ ತೆರೀದೆ ಎಳೆದಂಗೆ. ಬರುತ್ತೆ, ಆದ್ರೆ ಹಿಡ್ಕೊಂಡು ಬರುತ್ತೆ. ಹರಿಯೋ ಹಂಗೆ ಬಂದ್ರೆ ಟೈಟು, ಜಾರಿ ಬಂದ್ರೆ ಲೂಸು. ಆಮೇಲೆ ಸ್ಕ್ರೂ ಅಲ್ಲಾಡದಂಗೆ ಹಿಡಿದು ಲಾಕ್ ನಟ್ ಟೈಟ್ ಮಾಡಿ, ಟೈಟ್ ಮಾಡಿದ್ಮೇಲೆ ಮತ್ತೆ ಲೀಫ್ ಹಾಕಿ ನೋಡ್ಲೇಬೇಕು, ನಟ್ ಕೂರೋವಾಗ ಸ್ಕ್ರೂ ಕೂದಲಷ್ಟು ತಿರುಗೇ ತಿರುಗುತ್ತೆ. ಕೊನೆಗೆ ಒಂದು ಪರೀಕ್ಷೆ, ಬೇಕಾದ ಲೀಫ್ ಹೋಗ್ಬೇಕು, ಅದರ ಮುಂದಿನ ದಪ್ಪದ್ದು ಹೋಗ್ಬಾರ್ದು. ಬರೀ ಹಿಡಿತ ನಂಬೋದಕ್ಕಿಂತ ಇದು ಗಟ್ಟಿ ಲೆಕ್ಕ. ಲೀಫ್ ಒಳಗಿದ್ದಾಗ ಕಿಕ್ಕರ್ ಮುಟ್ಟಬೇಡಿ.

ಸದ್ದು ಬರುತ್ತೆ ಅಂತ ಗ್ಯಾಪ್ ಪೂರ್ತಿ ಟೈಟ್ ಮಾಡಿ ಕಳ್ಸೋರನ್ನ ನೋಡಿದ್ದೀನಿ. ಸದ್ದು ನಿಲ್ಲುತ್ತೆ, ಕಸ್ಟಮರ್‌ಗೆ ಖುಷಿ ಆಗುತ್ತೆ. ಆದ್ರೆ ಬಿಸಿ ಆದಾಗ ವಾಲ್ವ್ ಉದ್ದ ಆಗಿ ಸೀಟ್ ಮೇಲೆ ಪೂರ್ತಿ ಕೂರಲ್ಲ, ಕಂಪ್ರೆಷನ್ ಸೋರುತ್ತೆ, ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನ ಸೀಟಿಗೆ ಬಿಟ್ಟುಕೊಡೋಕೆ ಆಗ್ದೆ ಅಂಚಲ್ಲೇ ಸುಡುತ್ತೆ. ಟಿಕ್ ಟಿಕ್ ಅನ್ನೋ ವಾಲ್ವ್ ಬೇಕಾದ್ರೆ ನಾಳೆ ಸರಿ ಮಾಡ್ಬೋದು, ಸುಟ್ಟೋಗಿರೋ ವಾಲ್ವಿಗೆ ಹೆಡ್ಡೇ ಇಳಿಸ್ಬೇಕು. ದಯವಿಟ್ಟು ಆ ಕೆಲಸ ಮಾಡ್ಬೇಡಿ.

ಇನ್ನೊಂದು ಕಡೆ ಗೇಜ್ ಸರಿ ಇದ್ರೂ ಮೋಸ ಆಗುತ್ತೆ. ತುಂಬಾ ಓಡಿರೋ ಗಾಡಿಯಲ್ಲಿ ವಾಲ್ವ್ ತುದಿಗೆ ತಾಗೋ ಜಾಗ ಸವೆದು ಬಟ್ಟಲಿನ ತರ ಗುಂಡಿ ಬಿದ್ದಿರುತ್ತೆ. ಲೀಫು ಚಪ್ಪಟೆ, ಗುಂಡಿಯ ಎರಡು ದಂಡೆ ಮೇಲೆ ಸೇತುವೆ ತರ ಕೂತ್ಕೊಂಡು ಬಿಡುತ್ತೆ, ಗುಂಡಿಯ ಆಳ ಲೆಕ್ಕಕ್ಕೇ ಬರಲ್ಲ. ಲೀಫ್ 0.10 ಅಂದ್ರೂ ನಿಜವಾದ ಗ್ಯಾಪ್ ಅದಕ್ಕಿಂತ ಜಾಸ್ತಿ. ಅಂಥ ಗಾಡಿಗೆ ಎಷ್ಟು ಸೆಟ್ ಮಾಡಿದ್ರೂ ಸದ್ದು ಹೋಗಲ್ಲ, ಸವೆದಿರೋದನ್ನ ಚೇಂಜ್ ಮಾಡೋದೇ ದಾರಿ.

ಹಳೆ ಯೆಜ್ಡಿ ಜಾವಾದಲ್ಲಿ ಟೂ ಸ್ಟ್ರೋಕ್ ಇಂಜಿನ್, ವಾಲ್ವೇ ಇಲ್ಲ, ಅಲ್ಲಿ ಗೇಜಿನ ಕೆಲಸ ಸಿಬಿ ಪಾಯಿಂಟಲ್ಲಿ. ಬಲಗಡೆ ಕವರ್ ಬಿಚ್ಚಿದ್ರೆ ಡೈನಮೋ ಕಾಣುತ್ತೆ, ಅಲ್ಲೇ ಪಾಯಿಂಟು. ಪಾಯಿಂಟ್ ಅತಿ ಹೆಚ್ಚು ತೆರೆದಾಗ ನಾನು 0.35 ಸಲೀಸಾಗಿ ಹೋಗಿ 0.40 ಚೂರು ಹಿಡಿಯೋ ಹಂಗೆ ಇಡ್ತೀನಿ. ಗ್ಯಾಪ್ ಮೊದಲು, ಟೈಮಿಂಗ್ (ಕಿಡಿ ಯಾವಾಗ ಬರ್ಬೇಕು ಅನ್ನೋದು) ಆಮೇಲೆ, ಇದು ತಿರುಗಾಮುರುಗಾ ಆಗ್ಬಾರ್ದು, ಯಾಕಂದ್ರೆ ಗ್ಯಾಪ್ ಜಾಸ್ತಿ ಮಾಡಿದ್ರೆ ಪಾಯಿಂಟ್ ಬೇಗ ತೆರೆಯುತ್ತೆ, ಟೈಮಿಂಗ್ ತಾನಾಗೇ ಮುಂದೆ ಹೋಗುತ್ತೆ. ಹಳೆ ಪಾಯಿಂಟಲ್ಲೂ ಅದೇ ಸೇತುವೆ ಸಮಸ್ಯೆ, ಒಂದು ಕಡೆ ಗುಂಡಿ ಬಿದ್ದು ಇನ್ನೊಂದು ಕಡೆ ಗುಡ್ಡೆ ಎದ್ದಿರುತ್ತೆ, ಲೀಫು ಗುಡ್ಡೆಯ ನೆತ್ತಿಗೆ ತಾಗಿ ಸುಳ್ಳು ಹೇಳುತ್ತೆ. ಮೊದಲು ಪಾಯಿಂಟ್ ಮುಖ ಮಟ್ಟ ಮಾಡ್ಕೊಳ್ಳಿ, ಇಲ್ಲ ಹೊಸದು ಹಾಕಿ, ಆಮೇಲೆ ಅಳತೆ.

ಹೊಸ ಸೆಟ್ ತಂದ ವಾರದಲ್ಲೇ ಒಂದು ಪಾಠ ಆಯ್ತು. ತುಕ್ಕು ಹಿಡೀಬಾರ್ದು ಅಂತ ಹೊಸ ಲೀಫಿಗೆ ಎಣ್ಣೆ ಸವರಿ ಕಳ್ಸಿರ್ತಾರೆ. ನಾನು ಒಂದು ಯೆಜ್ಡಿಗೆ ಪಾಯಿಂಟ್ ಸೆಟ್ ಮಾಡೋವಾಗ ಲೀಫನ್ನ ಬರೀ ಪ್ಯಾಂಟಿಗೆ ಒರೆಸಿ ಹಾಕಿದ್ದೆ. ಗಾಡಿ ಸ್ಟಾರ್ಟ್ ಆಯ್ತು, ಮನೆಗೂ ಹೋಯ್ತು. ಮೂರನೇ ದಿನ ಮಿಸ್ಸಿಂಗ್ ಅಂತ ತಳ್ಕೊಂಡು ಬಂದ್ರು. ಬಿಚ್ಚಿ ನೋಡಿದ್ರೆ ಪಾಯಿಂಟ್ ಮುಖದಲ್ಲಿ ಕರ್ರಗೆ ಕಲೆ, ಲೀಫಿನ ಎಣ್ಣೆ ಅಲ್ಲಿ ಅಂಟಿ ಕಿಡಿಗೆ ಸುಟ್ಟಿತ್ತು. ಅವತ್ತಿಂದ ಪಾಯಿಂಟಿಗೆ ಹಾಕೋ ಲೀಫನ್ನ ಪೆಟ್ರೋಲಲ್ಲಿ ಒರೆಸಿ, ಒಣಗಿಸಿ, ಆಮೇಲೇ ಮುಟ್ಟೋದು. ಗ್ಯಾಪ್ ಸೆಟ್ ಆದ್ಮೇಲೆ ಒಂದು ಬಿಳಿ ಕಾಗದದ ಚೂರು ಪಾಯಿಂಟ್ ನಡುವೆ ಇಟ್ಟು ಮುಚ್ಚಿ ಎಳೀತೀನಿ, ಕಾಗದ ಬೆಳ್ಳಗೇ ಬಂದ್ರೆ ಕವರ್ ಮುಚ್ಚೋದು.

ಅಂಬಾಸಡರ್ ಒಂದಿದೆ ನಮ್ಮ ಬೀದಿಯಲ್ಲಿ, ಹಳೆ 1489 ಸಿಸಿ ಪೆಟ್ರೋಲ್ ಇಂಜಿನ್ನಿಂದು, ಯಜಮಾನರು ಬೇರೆ ಯಾರಿಗೂ ಕೊಡಲ್ಲ. ಅದಕ್ಕೆ ಟ್ಯಾಪೆಟ್ 15 ಥೌ, ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ, ಲೆಕ್ಕ ಹಾಕಿದ್ರೆ 0.38 ಎಂಎಂ. ನನ್ನ ಸೆಟ್ಟಲ್ಲಿ 0.38 ಇಲ್ಲ, 0.35 ಆರಾಮಾಗಿ ಹೋಗ್ಬೇಕು 0.40 ಹೋಗ್ಬಾರ್ದು ಅಂತ ಇಟ್ಕೊಂಡು ಮಾಡ್ತೀನಿ, ಇಂಚಿನ ಸೆಟ್ ಇರೋರಿಗೆ ಸುಲಭ. ಎಂಟು ವಾಲ್ವಿಗೆ ನಮ್ಮ ಗುರುಗಳು ಒಂಬತ್ತರ ಲೆಕ್ಕ ಅಂತ ಹೇಳಿಕೊಟ್ಟಿದ್ರು. ಎಂಟನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ ಒಂದನೇದು ಸೆಟ್ ಮಾಡು, ಏಳು ಒತ್ತಿದಾಗ ಎರಡು, ಆರಕ್ಕೆ ಮೂರು, ಐದಕ್ಕೆ ನಾಲ್ಕು, ಕೂಡಿದ್ರೆ ಯಾವಾಗ್ಲೂ ಒಂಬತ್ತು ಬರ್ಬೇಕು. ಮಾರ್ಕ್ ಹುಡುಕೋ ಕೆಲಸನೇ ಇಲ್ಲ. ಅವರ ಹತ್ರ ಫಿಲ್ಲರ್ ಗೇಜ್ ಒಂದೇ ಇತ್ತು, ಅದನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಕೊಂಡು ಜೇಬಲ್ಲೇ ಓಡಾಡ್ತಿದ್ರು, ಹುಡುಗರ ಕೈಗೆ ಕೊಡ್ತಿರ್ಲಿಲ್ಲ. ನಮಗೆ ಅವರು ಕೊಡ್ತಿದ್ದದ್ದು ಶೇವಿಂಗ್ ಬ್ಲೇಡು ಮತ್ತೆ ಹ್ಯಾಕ್ಸಾ ಬ್ಲೇಡು. ಶೇವಿಂಗ್ ಬ್ಲೇಡ್ 0.10 ಎಂಎಂ, ಹ್ಯಾಕ್ಸಾ ಬ್ಲೇಡ್ ದಪ್ಪ 0.63ರ ಹತ್ರ, ಅಂಬಾಸಡರ್ ಪ್ಲಗ್ ಗ್ಯಾಪ್ 25 ಥೌ ಅಂದ್ರೆ ಅಷ್ಟೇ ಆಯ್ತು. ಎಲ್ಲರ ಕೈಗೂ ಗೇಜ್ ಇಲ್ದೆ ಇದ್ದ ಕಾಲದಲ್ಲಿ ಅವರು ಕೈಗೆ ಸಿಕ್ಕಿದ್ರಲ್ಲೇ ಸರಿಯಾದ ಅಳತೆ ಕಂಡುಕೊಂಡಿದ್ರು. ಅವರನ್ನ ನೆನೆಸಿಕೊಳ್ದೆ ನಾನು ಟ್ಯಾಪೆಟ್ ಕವರ್ ಬಿಚ್ಚಲ್ಲ.

ಇನ್ನು ರೀಬೋರ್ (ಸವೆದ ಸಿಲಿಂಡರ್ ಒಳಮೈ, ಅಂದ್ರೆ ಬೋರನ್ನ, ಕೊರೆದು ದೊಡ್ಡದು ಮಾಡೋದು) ಆದ್ಮೇಲೆ ಪಿಸ್ಟನ್ ರಿಂಗಿನ ಎರಡು ತುದಿ ನಡುವಿನ ಗ್ಯಾಪ್ ನೋಡೋಕೆ ಇದೇ ಗೇಜು. ರಿಂಗನ್ನ ಬೋರ್ ಒಳಗೆ ಬಿಟ್ಟು, ಪಿಸ್ಟನ್ ತಲೆಯಿಂದ ತಳ್ಳಿ ಮಟ್ಟ ಮಾಡಿ, ಬಾಯಿಗೆ ಲೀಫ್ ಹಾಕಿ. ಬೋರಿನ ಒಂದು ಇಂಚಿಗೆ 4 ಥೌ ಅನ್ನೋದು ಹಳೇ ಅಂದಾಜು, ಯೆಜ್ಡಿ 250ರ ಬೋರ್ 65 ಎಂಎಂ, ಹಂಗೆ ನೋಡಿದ್ರೆ 0.25 ಲೀಫ್ ಹತ್ರ ಬರುತ್ತೆ. ಹೆಡ್ ಸೊಟ್ಟ ಆಗಿದ್ಯಾ ನೋಡೋಕೆ ಮಟ್ಟದ ಪಟ್ಟಿ ಇಟ್ಟು ಮೂಲೆಯಿಂದ ಮೂಲೆಗೆ 0.05 ತೂರಿಸಿ ನೋಡೋದು. ಸವೆದ ಪ್ಲಗ್ಗಿಗೆ ಮಾತ್ರ ಚಪ್ಪಟೆ ಲೀಫ್ ಬೇಡ, ಅದಕ್ಕೆ ತಂತಿ ಗೇಜೇ ಸರಿ. ಮ್ಯಾಗ್ನೆಟ್ ಇರೋ ಪಿಕಪ್ ಕಾಯಿಲಿನ ಗ್ಯಾಪಿಗೆ ಹಿತ್ತಾಳೆ ಲೀಫ್ ಬೇಕು, ಸ್ಟೀಲ್ ಲೀಫನ್ನ ಮ್ಯಾಗ್ನೆಟ್ ಎಳ್ಕೊಳ್ಳುತ್ತೆ, ಹಿಡಿತ ಗೊತ್ತೇ ಆಗಲ್ಲ. ನನ್ನ ಸೆಟ್ಟಲ್ಲಿ ಹಿತ್ತಾಳೆ ಇಲ್ಲ, ಒಂದು ಬಿಡಿ ತಗೊಂಡಿದ್ದೀನಿ.

ಎರಡು ಲೀಫ್ ಸೇರಿಸಿ ಅಳೆಯೋವಾಗ ನಡುವೆ ಧೂಳು ಇದ್ರೆ ಅದೂ ಲೆಕ್ಕಕ್ಕೆ ಸೇರುತ್ತೆ. ಒರೆಸಿ, ಬೆರಳಲ್ಲಿ ಒತ್ತಿ ಒಟ್ಟಿಗೆ ಕೂರಿಸಿ.

ಜೋಪಾನ ಮಾಡೋ ವಿಷಯಕ್ಕೆ ಬರ್ತೀನಿ, ಎರಡು ವರ್ಷ ಆದ್ರೂ ನನ್ನ ಸೆಟ್ ಹೊಸದಂಗಿರೋದು ಇದರಿಂದಲೇ. ಕೈಯ ಬೆವರು ಲೀಫಿನ ದೊಡ್ಡ ಶತ್ರು. ಸಂಜೆ ಶಟರ್ ಎಳೆಯೋ ಮುಂಚೆ ಅವತ್ತು ತೆಗೆದ ಲೀಫನ್ನೆಲ್ಲ ಹಳೆ ಬನಿಯನ್ ಬಟ್ಟೆಯಲ್ಲಿ ಬುಡದಿಂದ ತುದಿ ಕಡೆಗೆ ಒರೆಸ್ಬೇಕು, ತುದಿಯಿಂದ ಬುಡಕ್ಕೆ ಒರೆಸಿದ್ರೆ ತೆಳು ಲೀಫ್ ಮಡಚುತ್ತೆ. ಆಮೇಲೆ ಹೊಲಿಗೆ ಮಿಷಿನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಸವರೋದು, ಲೀಫ್ ಮೇಲೆ ನೇರ ಸುರಿಯೋದಲ್ಲ, ಸುರಿದ್ರೆ ಧೂಳು ಅಂಟಿ ಕೆಸರಾಗುತ್ತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೂರ್ತಿ ಬೀಸಣಿಗೆ ಬಿಡಿಸಿ ನೋಡ್ತೀನಿ, ಬಳಸ್ದೇ ಇರೋ ಲೀಫಲ್ಲೇ ಮೊದಲು ತುಕ್ಕು ಬರೋದು.

ತುಕ್ಕು ಬಂದ್ರೆ ಎಮೆರಿ ಪೇಪರ್ ಮಾತ್ರ ಮುಟ್ಟಬೇಡಿ. ನಮ್ಮ ಗ್ಯಾರೇಜ್ ಹುಡುಗ ಹಳೆ ಸೆಟ್ಟಿನ 0.10 ಲೀಫಿಗೆ ತುಕ್ಕು ಬಂತು ಅಂತ ಎಮೆರಿಯಲ್ಲಿ ಫಳಫಳ ಅನ್ನೋ ಹಂಗೆ ಉಜ್ಜಿಟ್ಟಿದ್ದ. ನೋಡೋಕೆ ಬೆಳ್ಳಿ ತರ ಇತ್ತು. ಮೈಕ್ರೋಮೀಟರಲ್ಲಿ ಹಿಡಿದ್ರೆ ನಡುವೆ 0.08. ನಂಬರ್ ಮಾತ್ರ 0.10 ಅಂತಲೇ ಇದೆ. ಅದನ್ನ ನಂಬಿ ಎಕ್ಸಾಸ್ಟ್ ಸೆಟ್ ಮಾಡಿದ್ರೆ ಗ್ಯಾಪ್ ಟೈಟ್ ಆಗ್ತಿತ್ತು. "ಅಣ್ಣಾ, ಕ್ಲೀನ್ ಮಾಡ್ದೆ ಅಷ್ಟೇ" ಅಂದ. ಬೈಯೋಕೆ ಮನಸ್ಸು ಬರ್ಲಿಲ್ಲ, ಕೆಲಸದ ಮೇಲೆ ಪ್ರೀತಿ ಇಟ್ಟು ಮಾಡಿದ್ದು ಅದು. ಮೈಕ್ರೋಮೀಟರ್ ಅವನ ಕೈಗೇ ಕೊಟ್ಟು, "ನೀನೇ ಓದೋ ಮರಿ" ಅಂದೆ. ಎರಡು ಸಲ ಓದಿದ. ಆಮೇಲೆ ಅವನೇ ಆ ಲೀಫ್ ಕಿತ್ತು ಬಿಸಾಕಿದ. ಮೇಲ್ಮೇಲೆ ಬಂದಿರೋ ತುಕ್ಕಾದ್ರೆ ಎಣ್ಣೆ ಬಟ್ಟೆಯಲ್ಲಿ ಹೋಗುತ್ತೆ, ಗುಂಡಿ ಬಿದ್ದಿರೋ ತುಕ್ಕಾದ್ರೆ ಆ ಲೀಫ್ ಕತೆ ಮುಗೀತು.

ಕಾರ್ಬನ್ ಕೆರೆಯೋಕೆ, ಗ್ಯಾಸ್ಕೆಟ್ ಬಿಡಿಸೋಕೆ ದಪ್ಪ ಲೀಫ್ ಎತ್ಕೋಬೇಡಿ. ತುದಿ ಮಡಚಿದ ಲೀಫನ್ನ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡೋಕೂ ಹೋಗ್ಬೇಡಿ, ತಟ್ಟಿದ ಕಡೆ ದಪ್ಪ ಬದಲಾಗುತ್ತೆ. ತುದಿ ಮಾತ್ರ ಕೆಟ್ಟಿದ್ರೆ ಅಷ್ಟು ಭಾಗ ಕತ್ತರಿಸಿ, ಕತ್ತರಿಸಿದ ಅಂಚಿನ ಮುಳ್ಳನ್ನ ನುಣುಪು ಎಣ್ಣೆ ಕಲ್ಲಲ್ಲಿ ತೆಗೆದ್ರೆ ಉಳಿದದ್ದು ಬಳಸ್ಬೋದು. ತೆಳು ಲೀಫನ್ನ ಯಾವಾಗ್ಲೂ ದಪ್ಪ ಲೀಫುಗಳ ನಡುವೆ ಸೇರಿಸಿ ಮಡಚಿಡಿ, ಹೊರಗಡೆ ಇದ್ರೆ ಟೂಲ್ ಬಾಕ್ಸಲ್ಲಿ ಸ್ಪ್ಯಾನರ್ ಬಿದ್ದು ಹೋಗುತ್ತೆ. ನನ್ನ ಸೆಟ್ಟಲ್ಲಿ 0.05 ಕೊನೆಗಿತ್ತು, ಸ್ಕ್ರೂ ಬಿಚ್ಚಿ ಜಾಗ ಬದಲಾಯಿಸಿಕೊಂಡೆ.

ಈ ಸೆಟ್ಟಲ್ಲಿ ನನಗೆ ಬೇಜಾರಿರೋದು ಎರಡಕ್ಕೆ. ಬುಡದ ಸ್ಕ್ರೂ ಪದೇ ಪದೇ ಸಡಿಲ ಆಗುತ್ತೆ, ಟೈಟ್ ಮಾಡಿದ್ರೆ ಲೀಫ್ ಬಿಚ್ಚೋಕೆ ಕಷ್ಟ, ಬಿಟ್ರೆ ಎಲ್ಲಾ ಲೀಫೂ ಒಟ್ಟಿಗೆ ಜೋತಾಡುತ್ತೆ. ಎರಡನೇದು, ಲೀಫೆಲ್ಲ ನೇರ, ಸ್ಕೂಟರ್ ಇಂಜಿನ್ ತರ ಇಕ್ಕಟ್ಟಿನ ಜಾಗದಲ್ಲಿ ಕೈ ಹೋಗಲ್ಲ, ಲೀಫ್ ಬಗ್ಗಿಸಿ ಹಾಕ್ಬೇಕಾಗುತ್ತೆ, ಬಗ್ಗಿದ ಲೀಫಲ್ಲಿ ಹಿಡಿತ ಸರಿಯಾಗಿ ಸಿಗಲ್ಲ. ತುದಿ ಬಾಗಿಸಿರೋ ಟ್ಯಾಪೆಟ್ ಗೇಜ್ ಬೇರೆನೇ ಬರುತ್ತೆ, ಮುಂದಿನ ಸಲ ಎಸ್‌ಪಿ ರೋಡಿಗೆ ಹೋದಾಗ ಅದೇ ಯಜಮಾನರ ಅಂಗಡಿಯಲ್ಲಿ ಕೇಳ್ಬೇಕು. ಹೋದವಾರ ಸ್ಕೂಟರ್ ಒಂದರಲ್ಲಿ ಬಗ್ಗಿಸಿ ಬಗ್ಗಿಸಿ ಈ 0.10ರ ತುದಿನೂ ಚೂರು ಎದ್ದಿದೆ, ಭಾನುವಾರ ಕತ್ತರಿಸಿ ಕಲ್ಲಿಗೆ ಹಿಡೀಬೇಕು.